ಎರಡು ಹಾಳೆ

ಫೆಬ್ರುವರಿ ೮, ರವಿವಾರ

ಕನ್ನಡದಲ್ಲಿ ದಿನಚರಿ ಬರೆಯುತ್ತಿರುವುದು ಇದೇ ಮೊದಲು. ಕಾಲೇಜಿನಲ್ಲಿ ಇತಿಹಾಸ ಕಲಿಸುವುದು ಇಂಗ್ಲಿಷಿನಲ್ಲಿ, ಸೋಲಾಪುರದ ಬಾಜಾರದಲ್ಲಿ ಮಾತು ಮರಾಠಿಯಲ್ಲಿ, ಅವ್ವನೊಡನೆ ಜಗಳಕ್ಕೆ ಮಾತ್ರ ಕನ್ನಡ. ಈಗ ಅಜ್ಜನ ಹಳೆಯ ಕಾಗದಗಳನ್ನು ಓದಬೇಕಾಗಿದೆ. ಕೈಗೂ ಕಣ್ಣಿಗೂ ರೂಢಿಯಾಗಲಿ ಎಂದು ಇದು. ಯಾರೂ ಓದುವುದಿಲ್ಲ ಎಂಬ ಧೈರ್ಯವೂ ಇದೆ.

ತಮ್ಮ ನಿತಿನ ಊಟಕ್ಕೆ ಕರೆದಿದ್ದ. ನಮ್ಮ ಬಟ್ಟೆ ಅಂಗಡಿಗೆ ಈ ವರ್ಷ ನೂರು ತುಂಬುತ್ತದೆ. ಏಪ್ರಿಲ್ ೨೦, ಬಸವ ಜಯಂತಿಯ ದಿನ ದೊಡ್ಡ ಕಾರ್ಯಕ್ರಮ. ಅಂದು ಬಿಡುಗಡೆಯಾಗಲು ಅಜ್ಜ ಚನ್ನವೀರಪ್ಪನವರ ಮೇಲೊಂದು ಪುಸ್ತಕ ಬೇಕಂತೆ. ಬರೆಯಬೇಕಾದವಳು ನಾನು.

"ಪುಸ್ತಕದಾಗ ನಲವತ್ತೆರಡರ ಪ್ರಕರಣ ಜಬರದಸ್ತ ಆಗಬೇಕ ನೋಡಕ್ಕಾ. ಮಂತ್ರಿ ಬರೂದು ಪಕ್ಕಾ ಆಗೇತಿ. ಅಜ್ಜಾ ದಿಲ್ಲಿಗೆ ಅರ್ಜಿ ಬರದಿದ್ದು, ಅದs ಅವರಿಗೆ ಬೇಕಾಗಿದ್ದು."

"ಅರ್ಜಿ ದಿಲ್ಲಿ ಮುಟ್ಟೇ ಇಲ್ಲಲ್ಲೋ."

"ಬರದಿದ್ದು ಖರೆ ಹೌದಲ್ಲ?"

ಅವ್ವ ನಕ್ಕಳು. ನಾವು ಸಣ್ಣವರಿದ್ದಾಗಿನಿಂದ ಕೇಳಿದ ಕಥೆಯನ್ನು ಮತ್ತೆ ಹೇಳಿದಳು. ಆಗ ಅಂಗಡಿ ಅಕ್ಕಲಕೋಟದಲ್ಲಿತ್ತು. ಅರ್ಜಿಗಾಗಿ ಅಲ್ಲಿನ ಒಂದು ಧರ್ಮಶಾಲೆಯಲ್ಲಿ ಸಭೆ ಸೇರಿತ್ತು: ಪೇಟೆಯ ವ್ಯಾಪಾರಿಗಳು ಹನ್ನೆರಡು ಜನ, ಹಾಲಹಟ್ಟಿಯ ಕುರುಬರು ಏಳು ಜನ. ಬರೆದದ್ದನ್ನು ಎಲ್ಲರೂ ಒಪ್ಪಿದರು. ಆದರೆ ಮೊದಲ ಹೆಸರು ಯಾರದು? ಸಭೆಗೆ ಕಂಬಳಿ ಹಾಸಿದವರು ನಾವು, ನಮ್ಮದೇ ಮೊದಲು ಎಂದರು ಹಳ್ಳಿಯವರು. ಹೆಬ್ಬೆಟ್ಟಿನ ಕೆಳಗೆ ನಮ್ಮ ಸಹಿ ಬೀಳುವುದಿಲ್ಲ ಎಂದರು ವ್ಯಾಪಾರಿಗಳು. ಎರಡು ದಿನ ಅದರಲ್ಲೇ ಹೋಯಿತು.

"ಮೂರನೇ ದಿನಾ ನಿಮ್ಮಜ್ಜಾ ಎದ್ದ ನಿಂತು, ಎರಡ ಹಾಳಿ ಮಾಡೂಣು ಅಂದ್ರಂತ. ಸಹಿದ್ದೊಂದು, ಹೆಬ್ಬಟ್ಟಿಂದೊಂದು. ಯಾರೂ ಮ್ಯಾಲಿಲ್ಲ, ಯಾರೂ ಕೆಳಗಿಲ್ಲ. ಶಾಣ್ಯಾತನ ಅಂದ್ರ ಅದವಾ!"

ಅಜ್ಜ ನಾನು ಹುಟ್ಟುವ ಮೊದಲೇ ಹೋದವರು. ಈ ಕಥೆಯಿಂದಲೇ ಅವರನ್ನು ಬಲ್ಲೆ. ಪುಸ್ತಕ ಇಲ್ಲಿಂದಲೇ ಶುರುವಾಗಬೇಕು ಅನ್ನಿಸಿತು.

ಫೆಬ್ರುವರಿ ೧೨, ಗುರುವಾರ

ದಿಲ್ಲಿ ಮಾತುಕತೆಯ ಭಾಗ ಬರೆದು ಮುಗಿಸಿದೆ. ಹದಿನೆಂಟು ವರ್ಷದಿಂದ ಕಲಿಸುತ್ತಿರುವ ಪಾಠ. ಕನ್ನಡದಲ್ಲಿ ಬರೆದಾಗ ಸಿಟ್ಟು ಬಂತು.

ಜಪಾನಿನ ಸೈನ್ಯ ರಂಗೂನಿಗೆ ಬಂದಿತ್ತು. ಲಂಡನ್ನಿಗೆ ಆಗ ನಮ್ಮ ನೆನಪಾಯಿತು. ೧೯೪೨ರ ಮಾರ್ಚ್ ಕೊನೆಯಲ್ಲಿ ಕ್ರಿಪ್ಸ್ ಎಂಬ ಮಂತ್ರಿ ದಿಲ್ಲಿಗೆ ಬಂದ. ಈಗ ಯುದ್ಧದಲ್ಲಿ ನಮ್ಮ ಜೊತೆ ನಿಲ್ಲಿರಿ, ಯುದ್ಧ ಮುಗಿದ ಮೇಲೆ ನಿಮ್ಮ ಆಡಳಿತ ನೀವೇ ನೋಡಿಕೊಳ್ಳಿರಿ ಎಂದ. ಅಕ್ಕಲಕೋಟದಂಥ ಸಂಸ್ಥಾನಗಳ ಜನಕ್ಕೆ ಅಷ್ಟೂ ಇರಲಿಲ್ಲ. ಅವರ ಪರವಾಗಿ ಪ್ರತಿನಿಧಿಗಳನ್ನು ಕಳಿಸುವವರು ರಾಜರು. ನಮ್ಮ ಪ್ರತಿನಿಧಿಯನ್ನು ನಾವೇ ಆರಿಸುತ್ತೇವೆ ಎಂಬುದೇ ಅಜ್ಜನವರ ಅರ್ಜಿ. ಇವರು ಇಲ್ಲಿ ಹೆಸರಿನ ಸರದಿಗೆ ಜಗಳಾಡುತ್ತಿದ್ದಾಗ ಅಲ್ಲಿ ಮಾತು ಮುರಿಯಿತು. ಏಪ್ರಿಲ್ ಹನ್ನೆರಡಕ್ಕೆ ಮಂತ್ರಿ ವಿಮಾನ ಹತ್ತಿದ. ಆಗಸ್ಟಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಎದ್ದಿತು, ಹೆಸರು ಸಿಕ್ಕವರನ್ನೆಲ್ಲ ಪೋಲೀಸರು ಹಿಡಿಯತೊಡಗಿದರು.

"ಇಲ್ಲ ಎನ್ನುವವನಿಗಾದರೂ ಒಂದು ಪ್ರಾಮಾಣಿಕತೆ ಇರುತ್ತದೆ. ಆಮೇಲೆ ಎನ್ನುವವನು ಕೇಳುವವನ ತಾಳ್ಮೆಯನ್ನೇ ತನ್ನ ಆಸ್ತಿ ಮಾಡಿಕೊಳ್ಳುತ್ತಾನೆ" ಎಂದು ಬರೆದೆ. ಸ್ವಲ್ಪ ಹೆಚ್ಚಾಯಿತೇನೋ. ಆದರೂ ಹೊಡೆದುಹಾಕಲಿಲ್ಲ.

ಫೆಬ್ರುವರಿ ೨೨, ರವಿವಾರ

ಅಜ್ಜನ ನೆನಪುಗಳಿದ್ದವರು ತಿಳಿಸಿರಿ ಎಂದು ನಿತಿನ ಫೋನಿನಲ್ಲಿ ಹರಿಬಿಟ್ಟಿದ್ದಕ್ಕೆ ಹಾಲಹಟ್ಟಿಯಿಂದ ಅಮೋಲ್ ಎಂಬವನು ಉತ್ತರ ಬರೆದಿದ್ದ, ಮರಾಠಿಯಲ್ಲಿ. ಅವನ ಮುತ್ತಜ್ಜ ಮಾಳಪ್ಪನ ಹೆಬ್ಬೆಟ್ಟು ಆ ಅರ್ಜಿಯಲ್ಲಿತ್ತಂತೆ. ಇವತ್ತು ಎಸ್.ಟಿ. ಬಸ್ಸು ಹಿಡಿದು ಅಕ್ಕಲಕೋಟಕ್ಕೆ ಹೋದೆ. ಅಲ್ಲಿಂದ ಅವನ ಮೋಟಾರ್‌ಸೈಕಲ್ಲು.

ಅವನ ಅಜ್ಜ ಅಮೋಗಸಿದ್ಧ ಮುತ್ಯಾ, ಮಾಳಪ್ಪನ ಮಗ, ಎಂಬತ್ತಾರು ವರ್ಷ. ಬಿಸಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಬೇಡವೆಂದರೂ ಕೇಳಲಿಲ್ಲ.

"ಬರ್ರಿ ಸಾಹುಕಾರ್ತಿ ಅವ್ವಾರ. ನಾ ಆಗ ಎರಡ ವರ್ಷದಾಂವ. ಎಲ್ಲಾ ನಮ್ಮಪ್ಪ ಹೇಳಿದ್ದು. ಹೆಬ್ಬಟ್ಟಿನ ಹಾಳಿ ಒಯ್ದು ನಿಮ್ಮಜ್ಜಾರ ಕೈಯಾಗ ಕೊಟ್ಟ ಬಂದಾಂವ ಅವನs. ಶ್ರಾವಣದಾಗ ಪೋಲೀಸರು ಬಂದು, ಹಾಳಿ ನೋಡಿ ನೋಡಿ ಹೆಸರ ಕೂಗಿದ್ರಂತ. ಆರ ಮಂದೀನ ಒಯ್ದ್ರು. ಐದ ಮಂದಿ ತಿರುಗಿ ಬಂದ್ರು. ನಮ್ಮಪ್ಪ ಕುರಿ ಹೊಡಕೊಂಡ ಭೀಮಾ ದಂಡಿಗಿ ಹೋಗಿದ್ದ, ಸಿಗಲಿಲ್ಲ. ಸಿಗಲಿಲ್ಲ ಅನ್ನೂದs ತಪ್ಪಾತು. ಹಾಳಿ ಮಾರಿಕೊಂಡಾನ ಅಂದ್ರು."

"ಮಾವಾರ, ಅವರಿಗಿ ಚಾ ಕುಡ್ಯಾಕರ ಬಿಡ್ರಿ," ಎಂದರು ಸೊಸೆ ಸೋಮವ್ವ. "ಎಂಬತ್ನಾಕ ವರ್ಷದ್ದು ಒಂದs ಗುಟಕದಾಗ ಕುಡಿಸಾಕತ್ತೀರಿ."

ಮದುವೆಯಿರಲಿ, ನ್ಯಾಯವಿರಲಿ, ಈ ಊರಿನಲ್ಲಿ ಕರಿಯ ಕಂಬಳಿ ಹಾಸಿ ಅರಿಶಿನದ ಭಂಡಾರ ಹಾಕದೆ ಹಿರಿಯರು ಕೂರುವುದಿಲ್ಲ. ಹಾಸುವ ಮಾನ ತಲೆತಲಾಂತರದಿಂದ ಮಾಳಪ್ಪನ ಮನೆಯದು. ಅಕ್ಕಲಕೋಟದ ಸಭೆಗೂ ಅವನೇ ಹಾಸಿದ್ದನಂತೆ. ಆ ಶ್ರಾವಣದಲ್ಲಿ ಊರು ಅದನ್ನು ಕಸಿದುಕೊಂಡಿತು.

"ನನ್ನ ಲಗ್ನದಾಗ ಬ್ಯಾರೆ ಮನಿಯವರು ಬಂದ ಹಾಸಿದ್ರು. ನನ್ನ ಮಗನ ಲಗ್ನದಾಗೂ ಹಂಗs. ನಮ್ಮ ಅಂಗಳದಾಗ ನಾವು ಬೀಗರಂಗ ನಿಂತಿದ್ವಿ."

ಮೊಮ್ಮಗಳು ಸಪ್ನಾಳ ಮದುವೆ ಏಪ್ರಿಲ್ ಹದಿನೈದಕ್ಕೆ. ಈ ಮನೆಯ ಕೊನೆಯ ಮದುವೆ ಅದು. ಅಮೋಲನದು ಹೋದ ವರ್ಷ ಆಯಿತು. ಹುಡುಗಿ ನಾಚದೆ ಹೇಳಿದಳು: "ನನಗ ಬಂಗಾರ ಕಮ್ಮಿ ಹಾಕಿದ್ರೂ ನಡೀತೈತ್ರಿ ಮ್ಯಾಡಮ್. ಮುತ್ಯಾ ಹಾಸಿದ ಕಂಬಳಿ ಮ್ಯಾಲ ಹಿರ್ಯಾರು ಕುಂಡ್ರಬೇಕು."

ಊರ ಹಿರಿಯ ಗುರುಸಿದ್ಧನನ್ನೂ ಕಂಡೆ. ತಿರುಗಿ ಬಾರದವನು ಆತನ ಅಜ್ಜ. "ಬಾಯಿ ಮಾತ ಬ್ಯಾಡ್ರಿ. ಅವತ್ತಿನ ಕಾಗದ ತರ್ರಿ. ಹಾಳಿ ಯಾರ ಕೊಟ್ರು ಅಂತ ಕಾಗದ ಹೇಳ್ಲಿ. ಅವತ್ತs ಕಂಬಳಿ ಅವರ ಕೈಯಾಗ ಕೊಡ್ತೀವಿ."

ಅಜ್ಜನ ಟ್ರಂಕಿನಲ್ಲಿ ಇದ್ದರೆ ಹುಡುಕಿ ತಂದು ಊರೆದುರಿಗೆ ನಾನೇ ಓದುತ್ತೇನೆ ಎಂದು ಮಾತು ಕೊಟ್ಟು ಬಂದೆ. ಬಸ್ಸಿನಲ್ಲಿ ಯಾಕೋ ಬಹಳ ಹಗುರ ಅನ್ನಿಸಿತು. ಇತಿಹಾಸ ಯಾರಿಗಾದರೂ ಉಪಯೋಗಕ್ಕೆ ಬರುವುದನ್ನು ನಾನು ನೋಡಿಯೇ ಇರಲಿಲ್ಲ.

ಮಾರ್ಚ್ ೭, ಶನಿವಾರ

ಸಿಕ್ಕಿತು. ಪಂಚಾಂಗಗಳ ಕೆಳಗೆ, ಅಜ್ಜ ಬರೆದು ಕಳಿಸದೆ ಬಿಟ್ಟ ಕಾಗದ. ಅಜ್ಜಿಯ ಅಣ್ಣನಿಗೆ ಬರೆದದ್ದು. ಹದಿನೇಳು ಸಾಲು. ಓದಲು ಒಂದು ತಾಸು ಹಿಡಿಯಿತು. ಇಲ್ಲಿ ಇಳಿಸಿಕೊಳ್ಳುತ್ತೇನೆ.

"ಭಾವನವರಿಗೆ ಶರಣಾರ್ಥಿ. ಇಲ್ಲಿ ಎಲ್ಲರೂ ಕ್ಷೇಮ. ದಿಲ್ಲಿಯ ಮಾತು ಮುರಿದ ಮೇಲೆ ನಮ್ಮ ಅರ್ಜಿಗೆ ಅರ್ಥವಿಲ್ಲದಾಯಿತು. ಶ್ರಾವಣದಲ್ಲಿ ಹಾಲಹಟ್ಟಿಯ ಆರು ಜನರನ್ನು ಹಿಡಿದರು. ಒಬ್ಬ ಒಳಗೇ ತೀರಿಕೊಂಡ. ಊರವರು ಮಾಳಪ್ಪನ ಮೇಲೆ ಹೊರಿಸಿದ್ದಾರೆ. ಮಾಳಪ್ಪನ ತಪ್ಪು ಏನೂ ಇಲ್ಲ. ಅವನು ಕುರಿ ಹೊಡೆದುಕೊಂಡು ಭೀಮೆಯ ದಂಡೆಗೆ ಹೋಗಿದ್ದ. ಹಾಳೆಯನ್ನು ಫೌಜದಾರನಿಗೆ ಕೊಟ್ಟವನು ನಾನು. ಅವನು ಅಂಗಡಿಗೆ ಬಂದು, ಹೆಸರು ಕೊಡು, ಇಲ್ಲವೆ ನೀನೇ ನಡೆ ಅಂದ. ಹೆಬ್ಬೆಟ್ಟಿನ ಹಾಳೆ ಕೊಟ್ಟೆ. ನಮ್ಮ ಸಹಿಯ ಹಾಳೆ ಒಲೆಗೆ ಹಾಕಿದೆ. ಎಲ್ಲರದೂ ಒಂದೇ ಹಾಳೆಯ ಮೇಲೆ ಇದ್ದಿದ್ದರೆ ಕೊಡುತ್ತಿರಲಿಲ್ಲ. ಇದನ್ನು ಓದಿ ಹರಿದುಹಾಕಿರಿ."

ಇವತ್ತು ಇನ್ನೇನೂ ಬರೆಯಲಾರೆ.

ಮಾರ್ಚ್ ೮, ರವಿವಾರ

ಅಮೋಲನಿಗೆ ಫೋನು ಮಾಡಿದೆ. ಕಾಗದ ಸಿಕ್ಕಿದೆ, ನಿಮ್ಮ ಮುತ್ತಜ್ಜನ ತಪ್ಪಿಲ್ಲ ಎಂದು ಅದರಲ್ಲಿದೆ ಎಂದೆ. ಅವನು ಫೋನು ಕೆಳಗಿಟ್ಟು ಓಡಿದ. ಅಂಗಳದ ಕೂಗಾಟ ನನಗೆ ಕೇಳಿಸುತ್ತಿತ್ತು. ಉಳಿದದ್ದನ್ನು ಹೇಳಲಿಲ್ಲ. ಅದು ಫೋನಿನಲ್ಲಿ ಹೇಳುವ ಮಾತಲ್ಲ.

ಮಾರ್ಚ್ ೧೪, ಶನಿವಾರ

ನಿತಿನನಿಗೂ ಅವ್ವನಿಗೂ ಓದಿ ಹೇಳಿದೆ. ನಿತಿನನಿಗೆ ಕನ್ನಡ ಓದಲು ಬರುವುದಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದ.

"ಯಾರ್ಯಾರಿಗಿ ಗೊತ್ತೈತಿ ಇದು?"

"ಕಾಗದ ಐತಿ ಅಂತ ಅವರಿಗೆ ಹೇಳೀನಿ. ಮಾಳಪ್ಪಂದು ತಪ್ಪಿಲ್ಲ ಅಂತಷ್ಟ."

"ಐತಿ ಅಂತರ ಯಾಕ ಹೇಳಿದಿ?"

ಅವ್ವ ದೇವರ ಕೋಣೆಯ ಬಾಗಿಲಲ್ಲಿ ಕೂತಿದ್ದಳು. "ಓದಿ ಹರದ ಹಾಕ್ರಿ ಅಂತ ಬರದಾರಲ್ಲವಾ. ಹಿರ್ಯಾರ ಮಾತು. ಓದಿದ್ವಿ."

ನನಗೆ ಮೈ ಉರಿಯಿತು. ನಾಳೆಯೇ ಒಯ್ಯುತ್ತೇನೆ ಎಂದೆ. ನಿತಿನ ಜಗಳಾಡಲಿಲ್ಲ. ಅವನದು ಅದೇ ಗುಣ, ಅಂಗಡಿಯಲ್ಲಿ ಗಿರಾಕಿಯ ಮುಂದೆಯೂ ದನಿ ಏರಿಸುವುದಿಲ್ಲ.

"ನಾ ಕೊಡಬ್ಯಾಡ ಅನ್ನಾಕತ್ತಿಲ್ಲಕ್ಕಾ. ಕೊಡೂಣು. ಇಪ್ಪತ್ತನೇ ತಾರೀಖ ಒಂದ ಆಗ್ಲಿ. ಆಮ್ಯಾಲ ನಾನs ಒಯ್ದ ಅವರ ಕೈಯಾಗ ಇಟ್ಟ, ಕೈ ಮುಗದ ಬರ್ತೀನಿ. ಕಾರ್ಡ ಛಾಪಿಸಿ ಹಂಚೇವಿ. ಈಗ ಹೊರಗ ಬಿದ್ದ್ರ ಅವ್ವಗ ಹೆಂಗ ಆದೀತು ನೀನs ಹೇಳು."

ಅವ್ವನಿಗೆ ಎಪ್ಪತ್ತನಾಲ್ಕು, ರಕ್ತದೊತ್ತಡ ಇದೆ. ಯೋಚಿಸಿದರೆ ಅವನು ಕೇಳಿದ್ದು ಅನ್ಯಾಯವೇನಲ್ಲ. ಎಂಬತ್ತನಾಲ್ಕು ವರ್ಷ ಕಾದದ್ದಕ್ಕೆ ಇನ್ನು ಐದು ವಾರ. ಅದನ್ನು ಸಮಾಧಾನವಾಗಿ ವಿವರಿಸಿದರೆ ಮುತ್ಯಾ ಒಪ್ಪಬಹುದು.

ಮಾರ್ಚ್ ೨೨, ರವಿವಾರ

ಮುತ್ಯಾ ಅಮೋಲನ ಜೊತೆ ಅಂಗಡಿಗೆ ಬಂದಿದ್ದರು. ಎ.ಸಿ. ಕೋಣೆಯಲ್ಲಿ ಕುರ್ಚಿ ಕೊಟ್ಟೆವು. ಕೂರಲಿಲ್ಲ, ಹೆಗಲ ಮೇಲಿನ ಕಂಬಳಿ ಹಾಸಿ ನೆಲದ ಮೇಲೆ ಕೂತರು. ಹಾಗಾಗಿ ನಾವೂ ಕೆಳಗೆ ಕೂರಬೇಕಾಯಿತು. ನಿತಿನನ ಪ್ಯಾಂಟು ಬಿಗಿ. ಕೂರಲು ಅವನು ಪಟ್ಟ ಪಾಡಿಗೆ ಮುತ್ಯಾ ನಕ್ಕುಬಿಟ್ಟರು. "ಸಾಹುಕಾರ್ರ, ಹೊಲಿಗಿ ಉಚ್ಚೀತು. ಕಾಲ ಚಾಚಿ ಕುಂಡ್ರಿ." ಒಂದು ಗಳಿಗೆ ಎಲ್ಲರೂ ನಕ್ಕೆವು. ಆಮೇಲೆ ನಾನು ವಿಷಯ ತೆಗೆದೆ.

ಕಾಗದ ಕೊಡುತ್ತೇವೆ, ಇಪ್ಪತ್ತರ ನಂತರ. ಕಾರ್ಯಕ್ರಮದ ಮರುದಿನವೇ ಬಂದು ಊರೆದುರು ಓದುತ್ತೇನೆ.

ಮುತ್ಯಾ ಬೆರಳು ಮಡಚಿದರು. "ಲಗ್ನ ಹದಿನೈದಕ್ಕ. ಕಾಗದ ಇಪ್ಪತ್ತೊಂದಕ್ಕ. ಕಂಬಳಿ ಯಾರ ಲಗ್ನಕ್ಕ ಹಾಸೂದ್ರಿ ಅವ್ವಾರ? ನಂದಕ್ಕ ಏನ?"

"ಲಗ್ನದ ತಾರೀಖ ಒಂದ ವಾರ ಮುಂದ ಸರಸಾಕ ಬರಾಂಗಿಲ್ಲೇನ್ರಿ?" ಎಂದು ಕೇಳಿದೆ. ಅವರ ಅನುಕೂಲಕ್ಕಾಗಿಯೇ ಕೇಳಿದ್ದು.

ಅಮೋಲ್ ಮೊದಲ ಸಲ ಬಾಯಿ ತೆರೆದ. "ಮ್ಯಾಡಮ್, ನಿಮ್ಮ ಕಾರ್ಯಕ್ರಮ ಸರಸ್ರಿ."

"ಬಸವ ಜಯಂತಿ ಸರಸಾಕ ಬರತೈತೇನಪಾ?" ಎಂದ ನಿತಿನ.

"ಹುಡುಗಿ ಲಗ್ನ ಸರಸಾಕ ಬರತೈತೇನ್ರಿ?"

"ಸುಮ್ಕಿರಲೇ," ಎಂದು ಮುತ್ಯಾ ಅವನನ್ನು ಗದರಿದರು. ಆಮೇಲೆ ನನ್ನ ಕಡೆ ತಿರುಗಿ, "ಅವ್ವಾರ, ಕಾಗದದಾಗ ಇನ್ನೇನರ ಐತೇನ್ರಿ? ನಿಮ್ಮ ಮನಿಗಿ ತ್ರಾಸ ಆಗೂದು?" ಎಂದರು.

ನಾನು ಉತ್ತರಿಸುವ ಮೊದಲೇ ನಿತಿನ, "ಏನೂ ಇಲ್ಲ, ಬರೇ ಟೈಮಿಂದು ಮಾತು" ಎಂದ. ಮಧ್ಯೆ ಬಾಯಿ ಹಾಕಿ ಅವನ ಮಾತನ್ನು ಸುಳ್ಳು ಮಾಡುವುದು ಆ ಹೊತ್ತಿಗೆ ಸರಿ ಕಾಣಲಿಲ್ಲ.

ಹೋಗುವಾಗ ನಿತಿನ ಸಪ್ನಾಳಿಗೆಂದು ಒಂದು ಇಳಕಲ್ ಸೀರೆ ಕೊಟ್ಟ. ಮುತ್ಯಾ ಅದನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು. ಮರೆತರೋ ಏನೋ.

ಮಾರ್ಚ್ ೨೯, ರವಿವಾರ

ಮಧ್ಯದ ದಾರಿಯೊಂದು ನನಗೆ ಹೊಳೆಯಿತು. ನಮ್ಮ ಅಂಗಡಿಯ ಕಾಗದದ ಮೇಲೆ, ಮೊಹರಿನ ಶಿಕ್ಕಾ ಹಾಕಿ, "ನಮ್ಮಲ್ಲಿರುವ ದಾಖಲೆಗಳ ಪ್ರಕಾರ ಮಾಳಪ್ಪನವರು ನಿರ್ದೋಷಿ" ಎಂದು ಬರೆದುಕೊಡುವುದು. ಅವರಿಗೆ ಬೇಕಾದದ್ದು ಹದಿನೈದರೊಳಗೆ ಸಿಗುತ್ತದೆ, ನಮ್ಮ ಇಪ್ಪತ್ತಕ್ಕೂ ಧಕ್ಕೆಯಿಲ್ಲ. ಎರಡೂ ಕಡೆಯ ಮಾನ ಉಳಿಯುವ ಪರಿಹಾರ. ನಿತಿನ ತಕ್ಷಣ ಒಪ್ಪಿದ. "ಅಜ್ಜನ ತಲಿ ನಿನಗs ಬಂದೈತಿ ಅಕ್ಕಾ" ಎಂದ.

ಟೈಪು ಮಾಡಿ ಸಹಿ ಹಾಕಿ ಅದರ ಫೋಟೋ ಅಮೋಲನಿಗೆ ಕಳಿಸಿದೆ. ಸಂಜೆ ಗುರುಸಿದ್ಧನ ದನಿಯ ಉತ್ತರ ಬಂತು:

"ಅಂಗಡಿ ಶಿಕ್ಕಾ ನೀವು ಮಾರೂ ಅರಬಿಗಿ ಬಡೀರಿ. ನಮಗ ಅವತ್ತಿನ ಅಕ್ಷರ ಬೇಕು. ನಮ್ಮ ಮುತ್ಯಾ ಯಾಕ ಸತ್ತ ಅಂತ ನಿಮ್ಮ ಟೈಪಿಂಗ ಹೇಳತೈತೇನು?"

ಕೇಳಿ ಬೇಸರವಾಯಿತು. ಬಾಗಬೇಕಾದವರು ನಾವೇ ಎಂಬಂತೆ ಮಾತು. ನಮ್ಮ ಕಡೆಯಿಂದ ಎರಡು ಸಲ ದಾರಿ ತೆಗೆದೆವು. ಹಾಲಹಟ್ಟಿಯವರು ಒಂದು ಹೆಜ್ಜೆಯೂ ಸರಿಯಲಿಲ್ಲ.

ಏಪ್ರಿಲ್ ೪, ಶನಿವಾರ

ಪುಸ್ತಕ ಅಚ್ಚಿಗೆ ಹೋಯಿತು. ನಲವತ್ತೆರಡರ ಪ್ರಕರಣದ ಕೊನೆಯ ಎರಡು ವಾಕ್ಯ ಎಷ್ಟು ಸಲ ತಿದ್ದಿದೆನೋ. "ಕಾರಣಾಂತರಗಳಿಂದ ಆ ಅರ್ಜಿ ದಿಲ್ಲಿಯನ್ನು ತಲುಪಲಿಲ್ಲ. ಮುಂದೆ ನಡೆದ ಬಂಧನಗಳಲ್ಲಿ ಹಾಲಹಟ್ಟಿಯ ಹಲವರು ಕಷ್ಟಪಟ್ಟರು." ಇದರಲ್ಲಿ ಸುಳ್ಳಾದ ಪದ ಒಂದೂ ಇಲ್ಲ. ಒಂದೊಂದನ್ನೂ ನೋಡಿದ್ದೇನೆ.

ಏಪ್ರಿಲ್ ೭, ಮಂಗಳವಾರ

ಅಮೋಲನ ಫೋನು ಮೂರು ಸಲ. ಎತ್ತಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ.

ಏಪ್ರಿಲ್ ೧೨, ರವಿವಾರ

ಸೋಮವ್ವ ಬಂದಿದ್ದರು. ಒಬ್ಬರೇ, ಮದುವೆಯ ಕರೆಯೋಲೆ ಹಿಡಿದು ಮನೆ ಹುಡುಕಿಕೊಂಡು. ಅವ್ವನಿಗೂ ನನಗೂ ಕುಂಕುಮ ಹಚ್ಚಿದರು. ಕಾಗದದ ಮಾತೇ ಎತ್ತಲಿಲ್ಲ. ಎದ್ದು ಹೋಗುವಾಗ ಮೆಟ್ಟಿಲ ಮೇಲೆ ನಿಂತು, "ಅಕ್ಕಾರ, ಮಾವಾರು ಕಂಬಳಿ ನೇಯಿಸ್ಯಾರ, ಹೊಸಾದು. ಒಯ್ದ ಸಪ್ನಾಗ ತೋರಿಸ್ಯಾರ. ಬ್ಯಾಡಂದ್ರ ಕೇಳಾಂಗಿಲ್ಲ. ನೀವs ಒಂದ ಮಾತ ಹೇಳ್ರಿ, ಆಸೆ ಬಿಡ್ರಿ ಅಂತ" ಎಂದರು.

ಅವರು ಹೋದ ಮೇಲೆ ಕರೆಯೋಲೆಯನ್ನು ಬಿಚ್ಚಿ ಓದಿದೆ. ನಾನು ಯಾರ ಪರವಾಗಿ ಮಾತಾಡುತ್ತಿದ್ದೇನೆ? ಮಾತು ಕೊಟ್ಟವಳು ನಾನು, ನಿತಿನನಲ್ಲ. ಹದಿನಾಲ್ಕಕ್ಕೆ ಕಾಲೇಜಿಗೆ ರಜೆ ಇದೆ. ಕಾಗದ ಒಯ್ದು ಪೂರ್ತಿ ಓದುತ್ತೇನೆ. ಊರವರನ್ನು ಸೇರಿಸು ಎಂದು ಅಮೋಲನಿಗೆ ಬರೆದೆ. ನಿತಿನನಿಗೆ ಆಮೇಲೆ ತಿಳಿದರೆ ತಿಳಿಯಲಿ.

ಏಪ್ರಿಲ್ ೧೪, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಹನ್ನೊಂದಕ್ಕೆ ಹಾಲಹಟ್ಟಿ ಮುಟ್ಟಿದೆ, ನನ್ನದೇ ಕಾರಿನಲ್ಲಿ. ಬೀರೋಬನ ಗುಡಿಯ ಮುಂದೆ ಜನ ಸೇರಿದ್ದರು. ಮುತ್ಯಾನ ಮನೆಯ ಅಂಗಳದಲ್ಲಿ ಹಂದರ ಹಾಕಿತ್ತು. ಮುತ್ಯಾ ಹೊಸ ರುಮಾಲು ಸುತ್ತಿಕೊಂಡು ಬಂದು ನನ್ನ ಎಡಗಡೆ ಕೂತರು. ತೊಡೆಯ ಮೇಲೆ ಮಡಚಿದ ಹೊಸ ಕಂಬಳಿ.

ಗುರುಸಿದ್ಧ ಕಾಗದವನ್ನು ತಿರುವಿ ಮುರುವಿ ನೋಡಿದ. ಕೂಡಿಸಿ ಬರೆದ ಹಳೆಯ ಕನ್ನಡ ಅಕ್ಷರ ಅವನಿಗೂ ಬರುವುದಿಲ್ಲ, ಅವನು ಕಲಿತದ್ದು ಮರಾಠಿ ಶಾಲೆಯಲ್ಲಿ. "ಹಳೇದs ಐತಿ. ಓದ್ರಿ" ಎಂದ.

ಓದಲು ಶುರು ಮಾಡಿದೆ. ನನ್ನ ಓದು ನಿಧಾನ, ಸಾಲಿನ ಕೆಳಗೆ ಬೆರಳಿಟ್ಟು ಓದುವವಳು ನಾನು. ಕ್ಷೇಮ, ದಿಲ್ಲಿ, ಶ್ರಾವಣ, ಆರು ಜನ. "ಮಾಳಪ್ಪನ ತಪ್ಪು ಏನೂ ಇಲ್ಲ" ಎಂದಾಗ ಹೆಂಗಸರ ಕಡೆಯಿಂದ ಒಂದು ದನಿ ಬಂತು, ಅಳುವಿನಂಥದು. "ಅವನು ಕುರಿ ಹೊಡೆದುಕೊಂಡು ಭೀಮೆಯ ದಂಡೆಗೆ ಹೋಗಿದ್ದ." ಇಲ್ಲಿ ಉಸಿರು ತೆಗೆದುಕೊಳ್ಳಲು ತಲೆ ಎತ್ತಿದೆ. ಮುಂದಿನ ಸಾಲಿನಲ್ಲಿ ಕೂತ ಇಬ್ಬರು ಮೂವರು ಫೋನು ಎತ್ತಿ ಹಿಡಿದಿದ್ದರು. ವಿಡಿಯೋ ತೆಗೆಯುತ್ತಿದ್ದರು. ಸಂಜೆಯೊಳಗೆ ಅದು ಸೋಲಾಪುರ ಮುಟ್ಟುತ್ತದೆ, ಅವ್ವ ನೋಡುತ್ತಾಳೆ, ಮಂತ್ರಿ ನೋಡುತ್ತಾನೆ.

ಕಾಗದ ಮಡಚಿದೆ.

"ಮುಂದ?" ಎಂದ ಗುರುಸಿದ್ಧ.

"ಇಷ್ಟ ಐತ್ರಿ."

"ಹಾಳಿ ಯಾರ ಕೊಟ್ರು ಅಂತ ಇಲ್ಲೇನು?"

"ಮುಂದ ಅಕ್ಷರ ಅಳಿಸ್ಯಾವು. ಓದಾಕ ಬರಾಂಗಿಲ್ಲ."

ಅವನು ಸುತ್ತ ನೋಡಿದ. "ಕೇಳಿದ್ರೇನಪಾ? ಹಾಳಿ ತಾನs ನಡಕೋತ ಫೌಜದಾರನ ಹಂತ್ಯಾಕ ಹೋಗೇತಿ. ಸಾಹುಕಾರ ತನ್ನ ಮನಷ್ಯಾನ ಪರ ಎರಡ ಸಾಲ ಬರದಾನ, ಅಷ್ಟ. ಕೊಟ್ಟಾಂವ ಯಾರು ಅಂತ ತಿಳಿಯೂತನಾ ಹಳೇದs ನಡೀಲಿ." ಜನ ಎದ್ದರು. ಯಾರೋ, "ನಾಳಿಗಿ ಕಂಬಳಿ ನಮ್ಮನ್ಯಾಂದs ಬರ್ತೈತಿ, ಚಿಂತಿ ಮಾಡಬ್ಯಾಡ್ರಿ ಮುತ್ಯಾ" ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ.

ಮುತ್ಯಾ ನನ್ನ ಜೊತೆ ಕಾರಿನವರೆಗೆ ನಡೆದು ಬಂದರು. ಬಾಗಿಲು ತೆಗೆಯುವಾಗ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದರು:

"ಅವ್ವಾರ, ನಾ ಅಕ್ಷರ ಕಲತಾಂವಲ್ಲ. ಕುರಿ ಕಾದಾಂವ. ಎಣಸಾಕ ಬರ್ತೈತಿ. ನಿಮ್ಮ ಬೆರಳ ಹತ್ತ ಸಾಲ ಇಳೀತು. ಕೆಳಗ ಏಳ ಉಳದಿದ್ದುವು. ಒಂದೂ ಅಳಿಸಿರಲಿಲ್ಲ."

"ಅಲ್ಲೇ ಯಾಕ ಹೇಳಲಿಲ್ರಿ?" ಎಂದೆ.

"ಮಂದ್ಯಾಗ ಕೇಳಿದ್ರ ನೀವು ಇನ್ನೊಂದ ಸುಳ್ಳ ಹೇಳಬೇಕಾಗತಿತ್ತು. ಬಿಡ್ರಿ. ಬಿಸಲಾಗೇತಿ, ನಿಧಾನ ಹೋಗ್ರಿ."

ಏಪ್ರಿಲ್ ೧೫, ಬುಧವಾರ

ಮದುವೆಗೆ ಹೋಗಲಿಲ್ಲ. ಕಾಗದ ಬ್ಯಾಂಕಿನ ಲಾಕರಿನಲ್ಲಿಟ್ಟು ಬಂದೆ. ಟ್ರಂಕಿನಲ್ಲಿದ್ದರೆ ಹುಳ ಹಿಡಿಯುತ್ತದೆ.

ಏಪ್ರಿಲ್ ೨೦, ಸೋಮವಾರ

ಕಾರ್ಯಕ್ರಮ ಚೆನ್ನಾಗಿ ಆಯಿತು. ಆರುನೂರು ಜನ. ಅವ್ವನನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದಾಗ ಅತ್ತುಬಿಟ್ಟಳು. ಮಂತ್ರಿ ಎರಡು ಹಾಳೆಯ ಕಥೆಯನ್ನೇ ಎತ್ತಿಕೊಂಡು ಹತ್ತು ನಿಮಿಷ ಮಾತಾಡಿದರು. ಇಂಥ ಸಮನ್ವಯದ ಬುದ್ಧಿ ಇಂದಿನವರಿಗೆ ಬೇಕು ಎಂದರು.

ನಮ್ಮ ಕಾಲೇಜಿನ ಪ್ರಾಚಾರ್ಯರು ದಿಲ್ಲಿಯ ಪ್ರಕರಣವನ್ನು ಬಹಳ ಮೆಚ್ಚಿಕೊಂಡರು. ‘ಆಮೇಲೆ’ ಎನ್ನುವವನ ಬಗ್ಗೆ ಬರೆದ ಆ ಮಾತನ್ನು, ಮೊದಲೇ ಕೊಟ್ಟಿದ್ದ ಪ್ರತಿಯಲ್ಲಿ ಮಾರ್ಕ್ ಮಾಡಿಕೊಂಡು ಬಂದಿದ್ದರು. ಇಷ್ಟು ಸಿಟ್ಟು ನಿಮ್ಮೊಳಗಿತ್ತೇ ಎಂದು ಕೇಳಿದರು. ಸಂತೋಷವಾಯಿತು.

ಮಧ್ಯಾಹ್ನ ಅಮೋಲ್ ಮದುವೆಯ ಚಿತ್ರಗಳನ್ನು ಕಳಿಸಿದ್ದ. ಒಂದು ಮಾತೂ ಬರೆದಿರಲಿಲ್ಲ, ಬರೀ ಚಿತ್ರಗಳು. ಸಪ್ನಾ ಹಸಿರು ಸೀರೆಯಲ್ಲಿ ಚೆನ್ನಾಗಿ ಕಾಣುತ್ತಾಳೆ. ಕರಿಯ ಕಂಬಳಿ, ಮೇಲೆ ಭಂಡಾರ, ಸುತ್ತ ಹಿರಿಯರು. ಹಾಸಿದವರು ಯಾರೆಂದು ಚಿತ್ರದಲ್ಲಿ ತಿಳಿಯುವುದಿಲ್ಲ. ಮುತ್ಯಾನನ್ನು ಹುಡುಕಿದೆ. ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ. ಹನ್ನೆರಡು ಚಿತ್ರಗಳಲ್ಲಿ ಎಲ್ಲೂ ಇಲ್ಲ. ಅಕ್ಕಿಕಾಳು ಹಾಕುವ ಹೊತ್ತಿನ ಚಿತ್ರದಲ್ಲೂ ಇಲ್ಲ. ಕುರಿ ಹೊಡೆದುಕೊಂಡು ಹೋಗಿರಬೇಕು. ಈ ವಯಸ್ಸಿನಲ್ಲಿ ಒಬ್ಬರನ್ನೇ ಕಳಿಸಬಾರದಿತ್ತು.

ನಿತಿನನನ್ನು ಕೇಳಿದೆ, ನಾಳೆ ಇಪ್ಪತ್ತೊಂದು ಎಂದು. ದಣಿದಿದ್ದ. "ಈಗ ಲಗ್ನ ಆಗಿ ಹೋತಲ್ಲಕ್ಕಾ, ಇನ್ನ ಏನ ಅವಸರ?" ಎಂದ. ಅದೂ ನಿಜವೇ. ಮನಸ್ಸು ತಿಳಿಯಾದ ಮೇಲೆ ಮಾಡಿದ ಕೆಲಸ ಗಟ್ಟಿಯಾಗಿ ನಿಲ್ಲುತ್ತದೆ. ಪುಸ್ತಕಕ್ಕೆ ಇವತ್ತೇ ಇಷ್ಟು ಬೇಡಿಕೆ ಬಂದಿದೆ, ದೀಪಾವಳಿಗೆ ಇನ್ನೊಮ್ಮೆ ಅಚ್ಚು ಹಾಕಿಸಬೇಕಾಗುತ್ತದೆ. ಆಗ ಒಂದು ಟಿಪ್ಪಣಿ ಸೇರಿಸಬಹುದು.

ಅಮೋಲನಿಗೆ ಬರೆದೆ: "ವಧೂವರರಿಗೆ ಶುಭಾಶಯ. ಮಾಳಪ್ಪನವರ ವಿಷಯ ಎರಡನೇ ಮುದ್ರಣದಲ್ಲಿ ಖಂಡಿತ ಸೇರಿಸುತ್ತೇನೆ. ಮುತ್ಯಾನಿಗೆ ಹೇಳು."

ಅವನು ಅದನ್ನು ನೋಡಿದ್ದಾನೆ. ನಾಲ್ಕು ತಾಸಾಯಿತು, ಉತ್ತರ ಬಂದಿಲ್ಲ. ಮದುವೆಯಾದ ಮನೆ, ನೂರೆಂಟು ಕೆಲಸ ಇರುತ್ತವೆ.